ಕುವೈತಿನ ಹೊಟ್ಟೆಗೆ ಹಿಪ್ಪರಗಿಯ ಔಷಧ

ಹೂವಿನ ಹಿಪ್ಪರಗಿಯ ಹಿಟ್ಟಿನ ಗಿರಣಿಯ ಖಂಡೆಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದ್ದದ್ದನ್ನು ಸ್ವಲ್ಪ ಉಬ್ಬಿಸಿ ಹೇಳುತ್ತಿದ್ದ, ಅಷ್ಟೇ. ಮೂವತ್ತು ವರ್ಷ ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ಮಾತನಾಡಿದವನಿಗೆ ಮಾತು ದೊಡ್ಡದಾಗಿಯೇ ಹೊರಡುತ್ತಿತ್ತು ಎಂದು ಅವನ ಪರವಾಗಿ ಯಾರಾದರೂ ವಾದಿಸಬಹುದು. ತಲೆಯಿಂದ ಪಾದದವರೆಗೆ ಸದಾ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತಿದ್ದ. ಅವನ ಹುಬ್ಬು ಕೊಡವಿದರೆ ಒಂದು ರೊಟ್ಟಿಗಾಗುವಷ್ಟು ಹಿಟ್ಟು ಬೀಳುತ್ತದೆ ಎಂದು ಹೆಂಡತಿ ಶಂಕ್ರೆವ್ವ ಹೇಳುತ್ತಿದ್ದಳು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಖಂಡೆಪ್ಪನಿಗೆ ಅದು ಸಮಯಕ್ಕೆ ನೆನಪಾಗಲಿಲ್ಲ.

ಅವನ ಅಕ್ಕ ರೇವವ್ವ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತಮ್ಮನ ಪಕ್ಕದ ಮನೆಯಲ್ಲಿ ಇದ್ದಳು. ಅವಳ ಒಬ್ಬನೇ ಮಗ ಸೋಮನಿಂಗ ಗಿರಣಿಯಲ್ಲಿಯೇ ಬೆಳೆದವನು. ಹದಿನೆಂಟಕ್ಕೆಲ್ಲ ಡೀಸೆಲ್ ಇಂಜಿನ್ ಬಿಚ್ಚಿ ಜೋಡಿಸುವಷ್ಟು ಕಲಿತಿದ್ದ. ೧೯೭೪ರಲ್ಲಿ ಕುವೈತಿಗೆ ಮೆಕ್ಯಾನಿಕ್ಕುಗಳು ಬೇಕಾಗಿದ್ದಾರೆ ಎಂಬ ಸುದ್ದಿ ಬಂದಾಗ ಅಕ್ಕ ಒಲ್ಲೆನೆಂದು ಅತ್ತಿದ್ದಳು. ಖಂಡೆಪ್ಪನೇ ಮೂರು ತಿಂಗಳು ಬೆನ್ನು ಹತ್ತಿ ಒಪ್ಪಿಸಿ, ಮುಂಬಯಿಯವರೆಗೂ ಹೋಗಿ ಅಳಿಯನನ್ನು ಬಿಟ್ಟು ಬಂದಿದ್ದ. ಹುಡುಗ ಅಲ್ಲಿ ಸುಖವಾಗಿದ್ದಾನೆ ಎಂದು ಊರಿಗೆ ತೋರಿಸುವ ಹೊಣೆ ಹೀಗೆ ಅವನ ಮೇಲೆಯೇ ಬಿತ್ತು. ಆ ಹೊಣೆಯನ್ನು ಅವನು ಗಿರಣಿಯ ಎದುರಿಗಿದ್ದ ಅಮೋಘಸಿದ್ಧನ ಚಹಾದ ಹೋಟೆಲಿನಲ್ಲಿ ದಿನಕ್ಕೆರಡು ಸಲ ನಿಭಾಯಿಸುತ್ತಿದ್ದ.

"ನಮ್ಮ ಸೋಮನಿಂಗ ಈಗ ರೊಟ್ಟಿ ಮುಟ್ಟಂಗಿಲ್ಲ," ಎನ್ನುತ್ತಿದ್ದ ಖಂಡೆಪ್ಪ ಕಾಲ ಮೇಲೆ ಕಾಲು ಹಾಕಿ. "ಮುಂಜಾನೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ರಾತ್ರಿ ಬ್ರೆಡ್ಡು. ಅದೂ ಬೆಣ್ಣಿ ಹಚ್ಚಿ! ನಾವು ಇಲ್ಲಿ ಜೋಳದ ರೊಟ್ಟಿ ಕಡಕೋಂತ ಕುಂತೇವಿ."

ಹೋಟೆಲಿನವರು ಬಾಯಿ ತೆರೆದು ಕೇಳುತ್ತಿದ್ದರು. ಆದರೆ ಅವರ ಬೆರಗು ಖಂಡೆಪ್ಪ ತಿಳಿದ ಜಾತಿಯದ್ದಾಗಿರಲಿಲ್ಲ. ಆ ಕಾಲಕ್ಕೆ ಹಿಪ್ಪರಗಿಯಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರು ಹಾಲಿನಲ್ಲಿ ಅದ್ದಿ ತಿನ್ನುವ ವಸ್ತು. ಬ್ರೆಡ್ಡು ಹಿಡಿದು ಯಾರಾದರೂ ಬಸ್ಸಿನಿಂದ ಇಳಿದರೆ, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಜನ ಕೇಳುತ್ತಿದ್ದರು. ಗಟ್ಟಿಮುಟ್ಟಾದ ಮನುಷ್ಯ ಬ್ರೆಡ್ಡು ತಿಂದದ್ದನ್ನು ಕಂಡವರೇ ಇರಲಿಲ್ಲ.

"ವರ್ಷಗಟ್ಲೆ ಬ್ರೆಡ್ಡ ತಿಂತಾನಂದ್ರ ಪಾಪ, ಏನ್ ಬ್ಯಾನಿ ಐತ್ಯೋ," ಎಂದು ಅಮೋಘಸಿದ್ಧ ಒಮ್ಮೆ ಮೆಲ್ಲಗೆ ಅಂದ.

"ಬ್ಯಾನಿ ನಿಂಗೈತಿ! ಅದು ಅಲ್ಲಿಯ ಸಾಹೇಬರ ಊಟಲೇ!" ಎಂದು ಖಂಡೆಪ್ಪ ಎದ್ದು ಹೋದ. ಮನೆಯಲ್ಲಿ ರೇವವ್ವನಿಗೂ ಇದನ್ನೇ ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಅರೆಗಳಿಗೆ ನಿಂತಿತು.

ಹೀಗಿರಲು ಒಂದು ದಿನ ಅಂಚೆಯವನು ವಿಮಾನದ ನೀಲಿ ಕಾಗದ ತಂದುಕೊಟ್ಟ. ಖಂಡೆಪ್ಪ ಇಂಜಿನ್ನಿನ ಹಿಂದೆ ಹೋಗಿ ಓದಿದ.

"ಮಾವಾ, ಈ ಮಾತು ಅವ್ವನ ಮುಂದ ಹೇಳಬ್ಯಾಡ್ರಿ, ಅಳ್ತಾಳ. ನನಗ ನಾಕು ದಿನಕ್ಕೊಮ್ಮಿ ಸುದ್ದಾ ಹೊಟ್ಟಿ ಸಾಫ್ ಆಗವಲ್ದು. ಇಲ್ಲಿ ಡಾಕ್ಟರ ಮುಂದ ಹೇಳಾಕ ಅವರ ಭಾಷಾ ಬರೂದಿಲ್ಲ. ಕೈಸನ್ನಿ ಮಾಡಿ ತೋರಸೂಣಂದ್ರ, ಇದನ್ನ ಹೆಂಗ ತೋರಸ್ಲಿ? ಇಂಜಿನ್ ಆದ್ರ ಎಲ್ಲಿ ಕಟ್ಟೇತಿ ಅಂತ ಬಿಚ್ಚಿ ನೋಡಬಹುದು. ಊರಿಂದ ಏನರ ಔಷಧ ಕಳಸ್ರಿ. ನನ್ನ ಜೋಡಿ ಕೆಲಸಾ ಮಾಡೂ ಇಂಡಿ ಊರಿನ ಲಾಳೇಸಾಬ ರಜಾದ ಮ್ಯಾಲ ಊರಿಗೆ ಬಂದಾನ, ಈ ತಿಂಗಳ ಕಡೀ ಶನಿವಾರ ತಿರುಗಿ ಹೊಂಡ್ತಾನ. ಅವನ ಕೈಯಾಗ ಕೊಡ್ರಿ. ಕಡಿಮಿ ಆಗ್ಲಿಲ್ಲಂದ್ರ ನೌಕರಿ ಬಿಟ್ಟು ಬರ್ತೇನಿ ಮಾವಾ, ಸಾಕಾಗೈತಿ."

ಖಂಡೆಪ್ಪ ಕಾಗದವನ್ನು ಮಡಚಿ ಒಳಜೇಬಿಗೆ ಇಟ್ಟುಕೊಂಡ. ತನ್ನ ಗಿರಣಿಯಲ್ಲಿ ಆಡಿ ಬೆಳೆದ ಕೂಸು ಸಮುದ್ರದಾಚೆ ಹೊಟ್ಟೆ ಹಿಡಿದುಕೊಂಡು ಕುಳಿತಿದೆ, ಕಳಿಸಿದವನು ತಾನು. ಅಕ್ಕನಿಗೆ ಹೇಳಬಾರದು. ಹೋಟೆಲಿನವರಿಗಂತೂ ತಿಳಿಯಲೇಬಾರದು. ಬ್ರೆಡ್ಡು ಬೆಣ್ಣೆ ತಿಂದ ಅಳಿಯನ ಹೊಟ್ಟೆ ಕಟ್ಟಿತೆಂದು ಗೊತ್ತಾದರೆ ಅಮೋಘಸಿದ್ಧ ಆ ಸುದ್ದಿಯನ್ನು ಚಹಾದ ಜೊತೆ ಸಿಂದಗಿಯವರೆಗೂ ಹಂಚುತ್ತಿದ್ದ. ಬಹಳ ಯೋಚಿಸಿ ಖಂಡೆಪ್ಪ ಒಂದು ಉಪಾಯ ಹೂಡಿದ. ಔಷಧವನ್ನು ತನ್ನ ಹೆಸರಿನಲ್ಲಿ ಕೇಳುವುದು, ಅಳಿಯನಿಗೆ ಕಳಿಸುವುದು. ಇಷ್ಟು ಸರಳವಾದ ಉಪಾಯ ಇಷ್ಟು ಜನರನ್ನು ಓಡಾಡಿಸುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲು ಊರ ವೈದ್ಯ ಗುರಲಿಂಗಪ್ಪನ ಕಟ್ಟೆಗೆ ಹೋದ.

"ಎಷ್ಟು ದಿವಸಾತು?" ಎಂದ ಗುರಲಿಂಗಪ್ಪ ಕನ್ನಡಕ ಏರಿಸಿ.

"ನಾಕು ದಿನಕ್ಕೊಮ್ಮಿ ಸುದ್ದಾ ಆಗವಲ್ದ್ರಿ. ಒಂದು ವರ್ಷಾತು."

"ವರ್ಷ! ಮತ್ತ ಹಿಂಗ ಎದ್ದು ಅಡ್ಡ್ಯಾಡಾಕತ್ತೀಯಲ್ಲೋ!"

"ಹೆಂಗೋ ನಡದೈತ್ರಿ. ಔಷಧ ಕಟ್ಟಿ ಕೊಡ್ರಿ, ಒಯ್ತೇನಿ. ಒಂದೆರಡು ತಿಂಗಳಿಗಾಗುವಷ್ಟು ಕೊಡ್ರಿ. ಕೆಡಬಾರದು, ಸೋರಬಾರದು, ಗಡಿಯಾಗ ಹಿಡೀಬಾರದು..."

"ಯಾವ ಗಡಿ?"

"ಅಂದ್ರ... ಬಾಗಲ ದಾಟೂ ಮುಂದ ಶಂಕ್ರೆವ್ವ ಹಿಡೀಬಾರದು ಅಂದೆ."

ಗುರಲಿಂಗಪ್ಪನಿಗೆ ಒಂದು ನೇಮವಿತ್ತು. ಅವನ ಔಷಧ ಅವನ ಕಟ್ಟೆಯ ಮೇಲೆ, ಅವನ ಕಣ್ಣೆದುರಿಗೇ ಹೊಟ್ಟೆ ಸೇರಬೇಕು. ಮನೆಗೆ ಒಯ್ದವರು ಗೊಬ್ಬರದ ತಿಪ್ಪೆಗೆ ಚೆಲ್ಲಿ, ಗುಣವಾಗಲಿಲ್ಲವೆಂದು ವೈದ್ಯನ ಹೆಸರು ಕೆಡಿಸುತ್ತಾರೆ ಎಂಬುದು ಅವನ ಅನುಭವ. ಒಂದು ವರ್ಷದ ಕಟ್ಟು ಎಂದ ಮೇಲೆ ಅವನು ಔಡಲೆಣ್ಣೆಯನ್ನು ಚಮಚದಿಂದ ಅಳೆಯದೆ ಬಟ್ಟಲಿನಿಂದ ಅಳೆದ. ಖಂಡೆಪ್ಪ ಬಟ್ಟಲು ನೋಡಿದ, ವೈದ್ಯನ ಮುಖ ನೋಡಿದ, ಅಳಿಯನನ್ನು ನೆನೆದು ಕಣ್ಣು ಮುಚ್ಚಿ ಕುಡಿದ. ಆ ಮುಂಜಾನೆ ತಾನೆ ಎಂದಿನಂತೆ ಸುಖವಾಗಿ ಬಯಲಿಗೆ ಹೋಗಿ ಬಂದಿದ್ದ ಹೊಟ್ಟೆಯೊಳಗೆ ಅದು ಇಳಿಯಿತು.

ಆ ದಿನ ಗಿರಣಿ ಏಳು ಸಲ ನಿಂತಿತು.

ಮರುದಿನ ಖಂಡೆಪ್ಪ ಬಸ್ಸು ಹತ್ತಿ ಸಿಂದಗಿಗೆ, ಅಲ್ಲಿಂದ ಇಂಡಿಗೆ ಹೋದ. ಲಾಳೇಸಾಬನ ತಾಯಿ ಸುಲ್ತಾನಬಿ ಗಿಡಮೂಲಿಕೆ ಬಲ್ಲವಳು. ಔಷಧವೂ ಅಲ್ಲಿಯೇ, ಒಯ್ಯುವವನೂ ಅಲ್ಲಿಯೇ ಎಂದು ಅವನ ಲೆಕ್ಕ. ಲಾಳೇಸಾಬ ಪೇಟೆಗೆ ಹೋಗಿದ್ದ.

"ಮಗಾ ಆರಾಮ ಅದಾನೇನವ್ವಾ?" ಎಂದು ಕೇಳಿದ ಖಂಡೆಪ್ಪ.

"ಆರಾಮ ಅದಾನಪಾ. ನಿಮ್ಮ ಅಳಿಯ?"

"ಭಾರಿ ಆರಾಮ. ಬ್ರೆಡ್ಡು, ಬೆಣ್ಣಿ."

"ನಮ್ಮಾಂವಂದೂ ಅದ," ಎಂದಳು ಸುಲ್ತಾನಬಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಂತರ ಖಂಡೆಪ್ಪ ತನ್ನದೆಂದು ಹೇಳಿ ಅಳಿಯನ ಕಷ್ಟವನ್ನು ತೋಡಿಕೊಂಡ. ಹೇಳುತ್ತ ಹೇಳುತ್ತ ಟವೆಲಿನಿಂದ ಕಣ್ಣು ಒರೆಸಿಕೊಂಡ. ತನ್ನ ಹೊಟ್ಟೆಯ ಸುದ್ದಿಗೆ ಕಣ್ಣೀರು ಹಾಕುವ ಗಂಡಸನ್ನು ಸುಲ್ತಾನಬಿ ನೋಡಿರಲಿಲ್ಲ. ಹೊಟ್ಟೆ ಸಡಿಲಿಸುವ ಸೋನಾಮುಖಿ ಎಲೆ ಅವಳ ಮನೆಯಲ್ಲಿ ಒಂದು ಚೀಲದ ತುಂಬ ಸಿದ್ಧವಾಗಿಯೇ ಇತ್ತು. ಯಾಕೆಂದು ಖಂಡೆಪ್ಪ ಕೇಳಲಿಲ್ಲ. ಒಂದು ಹಿಡಿ ಕುದಿಸಿ, ಬೆಲ್ಲ ಹಾಕಿ, "ಕುಡಿ ನನ್ನಪ್ಪಾ, ನನ್ನ ಮುಂದನ ಕುಡಿ, ಬರೇ ಹೊಟ್ಟೀಲೆ ಕಳಸಬಾರದು ನಿನ್ನ," ಎಂದು ಲೋಟ ತುಂಬಿ ಕೈಗಿಟ್ಟಳು. ತಾಯಿಯಂಥವಳು ಪ್ರೀತಿಯಿಂದ ಕೊಟ್ಟದ್ದನ್ನು ಒಲ್ಲೆನ್ನುವುದು ಹೇಗೆ? ಕುಡಿದ.

ತಿರುಗಿ ಬರುವ ಬಸ್ಸು ಸಿಂದಗಿ ದಾಟುವವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ಖಂಡೆಪ್ಪ ಎದ್ದು ನಿಂತು ಕೂಗಿದ, "ನಿಂದರ್ಸ್ರೀ!"

"ಇಲ್ಲಿ ಸ್ಟಾಪ್ ಇಲ್ರಿ," ಎಂದ ಕಂಡಕ್ಟರ್.

"ಸ್ಟಾಪ್ ನನಗೈತಿ!"

ಬಸ್ಸು ನಿಂತಿತು. ಹಿಪ್ಪರಗಿ ಬರುವುದರೊಳಗೆ ಮತ್ತೆ ಮೂರು ಸಲ ನಿಂತಿತು. ಮೊದಲ ಸಲ ಜನ ನಕ್ಕರು, ಎರಡನೆಯ ಸಲ ಬೈದರು, ಮೂರನೆಯ ಸಲ ಒಬ್ಬಾಕೆ ತನ್ನ ಚರಗಿಯನ್ನು ನೀರು ಸಮೇತ ದಾನ ಕೊಟ್ಟಳು. ನಾಲ್ಕನೆಯ ಸಲ ಡ್ರೈವರ್ ಯಾರೂ ಹೇಳದೆಯೇ ಒಳ್ಳೆಯ ಪೊದೆ ನೋಡಿ ನಿಲ್ಲಿಸಿದ. ಕಂಡಕ್ಟರ್ ಖಂಡೆಪ್ಪನ ತೋಳು ಹಿಡಿದು ಹತ್ತಿಸಿಕೊಳ್ಳುತ್ತ, "ಸಾವಕಾಶ ಯಜಮಾನ್ರ, ಬಸ್ಸು ನಿಮ್ಮದ," ಎಂದ.

ಊರಿನಲ್ಲಿ ಬಯಲಿಗೆ ಹೋಗುವುದು ಯಾರಿಂದಲೂ ಮುಚ್ಚಿಡಲಾಗದ ಕೆಲಸ. ಕೈಯಲ್ಲಿ ಚರಗಿ, ಮುಂದೆ ಬೀದಿ, ಎರಡೂ ಕಡೆ ಕಟ್ಟೆ, ಕಟ್ಟೆಯ ಮೇಲೆ ಜನ. ಒಂದು ವರ್ಷದಿಂದ ಹೊಟ್ಟೆ ಕಟ್ಟಿದೆಯೆಂದು ವೈದ್ಯನ ಬಳಿ ಹೇಳಿದ ಮನುಷ್ಯ ಎರಡು ದಿನಗಳಲ್ಲಿ ಹದಿನೇಳು ಸಲ ಚರಗಿ ಹಿಡಿದು ಹಾದುಹೋದದ್ದನ್ನು ಅಮೋಘಸಿದ್ಧ ತನ್ನ ಕಣ್ಣಾರೆ ಕಂಡ. ಕಟ್ಟಿದ್ದು ಹೀಗೆ ಒಮ್ಮೆಲೇ ಬಿಚ್ಚಿಕೊಂಡದ್ದಕ್ಕೆ ಅವನ ಬುದ್ಧಿಗೆ ಒಂದೇ ಅರ್ಥ ಹೊಳೆಯಿತು.

"ಕಾಲರಾ," ಎಂದ ಅವನು, ಚಹಾ ಸೋಸುವುದನ್ನು ನಿಲ್ಲಿಸಿ.

ಆ ಒಂದು ಶಬ್ದ ಮಧ್ಯಾಹ್ನದ ಬಸ್ಸಿನಲ್ಲಿ ಬಸವನ ಬಾಗೇವಾಡಿಗೆ ಹೋಗಿ, ಮರುದಿನ ಆರೋಗ್ಯ ಇನ್ಸ್‌ಪೆಕ್ಟರರನ್ನು ಕರೆದುಕೊಂಡು ತಿರುಗಿ ಬಂತು. ಸೈಕಲ್ಲಿನ ಹಿಂದೆ ಬ್ಲೀಚಿಂಗ್ ಪುಡಿಯ ಡಬ್ಬಿ ಕಟ್ಟಿಕೊಂಡು ಬಂದ ಅವರು ಊರ ಬಾವಿಗೆ ಪುಡಿ ಸುರಿದರು, ಗಿರಣಿ ಮತ್ತು ಖಂಡೆಪ್ಪನ ಮನೆಯ ಸುತ್ತ ಬಿಳಿ ಗೆರೆ ಎಳೆದರು, ಮನೆ ಹೊಕ್ಕು ಪುಸ್ತಕ ತೆರೆದರು.

"ಯಾವ ಊರಿಗೆ ಹೋಗಿದ್ರಿ?"

"ಇಂಡಿಗೆ."

"ಏನ್ ಕುಡದ್ರಿ?"

ನಿಜ ಹೇಳಿದರೆ ಸುಲ್ತಾನಬಿಯ ಹೆಸರು ಬರುತ್ತದೆ, ಅವಳ ಹೆಸರು ಬಂದರೆ ಕುವೈತು ಬರುತ್ತದೆ. "ನೀರು," ಎಂದ ಖಂಡೆಪ್ಪ. ಇನ್ಸ್‌ಪೆಕ್ಟರರು ನೀರು ಎಂಬುದರ ಕೆಳಗೆ ಎರಡು ಗೆರೆ ಎಳೆದು, "ನಾಕು ದಿವಸ ಮನಿ ಬಿಟ್ಟು ಹೊರಗ ಬೀಳಬಾರದು," ಎಂದು ಅಪ್ಪಣೆ ಮಾಡಿದರು. ಪಾಪ, ಅವರ ತಪ್ಪೇನೂ ಇಲ್ಲ. ಹದಿನೇಳು ಸಲ ಎಂದು ಕೇಳಿದ ಯಾವ ಅಧಿಕಾರಿಯಾದರೂ ಅದನ್ನೇ ಮಾಡುತ್ತಿದ್ದ.

ಊರಿಗೆಲ್ಲ ಸುದ್ದಿಯಾದ ಮೇಲೆ ಬೀಗರು ಬಿಜ್ಜರು ಸುಮ್ಮನಿರುತ್ತಾರೆಯೆ? ಬಿಳಿ ಗೆರೆಯನ್ನು ಹುಷಾರಾಗಿ ದಾಟಿ ಮುದ್ದೇಬಿಹಾಳದಿಂದ ಶಂಕ್ರೆವ್ವನ ಅಣ್ಣ ಬಂದ. ಗೊಳಸಂಗಿಯಿಂದ ಚಿಕ್ಕಮ್ಮ ಗುಂಡವ್ವ ಬಂದಳು. ಕೊಲ್ಹಾರದವರು ಬಂದರು. ಮಾತನಾಡಿಸಲು ಬಂದವರು ಬರಿಗೈಯಲ್ಲಿ ಬರಬಾರದು. ಎಲ್ಲರ ಕೈಯಲ್ಲೂ ಒಂದೊಂದು ಬ್ರೆಡ್ಡು. ಹಾಸಿಗೆಯ ತಲೆದೆಸೆಗೆ ಬ್ರೆಡ್ಡುಗಳು ಇಟ್ಟಿಗೆಯ ಗೋಡೆಯಂತೆ ಎದ್ದವು.

"ಏನ್ ಬೆಳ್ಳಗಿದ್ದಿಯೋ, ಹೆಂಗ ಕಪ್ಪಾಗಿ ಹೋದಿ!" ಎಂದು ಗುಂಡವ್ವ ಗಲ್ಲ ಸವರಿ ಅತ್ತಳು. ಖಂಡೆಪ್ಪ ಹುಟ್ಟಿದಾಗಿನಿಂದ ಕಪ್ಪಗೇ ಇದ್ದ. ಹಿಟ್ಟು ತೊಳೆದ ಮುಖವನ್ನು ಅವಳು ನೋಡಿ ಬಹಳ ವರ್ಷಗಳಾಗಿದ್ದವು, ಅಷ್ಟೇ.

"ನನಗೊಂದು ರೊಟ್ಟಿ ಕೊಡ," ಎಂದು ಅವನು ಹೆಂಡತಿಗೆ ಅಂಗಲಾಚಿದ.

"ರೊಟ್ಟಿ ಜಡ ಆಕ್ಕೈತ್ರಿ. ಬ್ಯಾನಿ ಬಿದ್ದವರು ಬ್ರೆಡ್ಡ ತಿನ್ಬೇಕು," ಎಂದು ಶಂಕ್ರೆವ್ವ ಹಾಲಿನಲ್ಲಿ ಎರಡು ಹೋಳು ಅದ್ದಿ ಬಾಯಿಗಿಟ್ಟಳು. "ನಿಮ್ಮ ಅಳಿಯಂದ್ರು ತಿನ್ನೂದು ಇದನ್ನ ಅಲ್ಲೇನು? ಸಾಹೇಬರ ಊಟ. ನುಂಗ್ರಿ."

ಮುಂಜಾನೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ರಾತ್ರಿ ಬ್ರೆಡ್ಡು. ಗೋಡೆಯ ಆಚೆಯಿಂದ ರೇವವ್ವ ರೊಟ್ಟಿ ಬಡಿಯುವ ಪಟಪಟ ಸದ್ದು ದಿನವಿಡೀ ಕೇಳುತ್ತಿತ್ತು. ಒಬ್ಬಳೇ ಇರುವವಳು ಇಷ್ಟು ರೊಟ್ಟಿ ಯಾರಿಗೆ ಬಡಿಯುತ್ತಾಳೆ ಎಂದು ಅವನು ಯೋಚಿಸಿದ. ಆ ಸದ್ದಿಗೆ ಅವನ ಬಾಯಲ್ಲಿ ನೀರು ಬರುತ್ತಿತ್ತು, ಕಣ್ಣಲ್ಲೂ ಬರುತ್ತಿತ್ತು.

ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಖಂಡೆಪ್ಪನಿಗೆ ಒಂದು ವಿಷಯ ಅರಿವಾಯಿತು. ಬ್ರೆಡ್ಡು ತಿನ್ನಲು ಶುರು ಮಾಡಿದ ಮೇಲೆ ಅವನು ಚರಗಿಯನ್ನು ಮುಟ್ಟಿಯೇ ಇರಲಿಲ್ಲ. ಪ್ರಯತ್ನಪಟ್ಟ. ಹಿತ್ತಿಲಿನಲ್ಲಿ ಅಡ್ಡಾಡಿದ. ಬಿಸಿನೀರು ಕುಡಿದ. ಹೊಟ್ಟೆ ಕಲ್ಲಾಗಿತ್ತು. ಐವತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ವೈದ್ಯನಿಗೆ ಹೇಳಿದ್ದ ಸುಳ್ಳು ನಿಜವಾಗಿತ್ತು.

ಮಧ್ಯಾಹ್ನ ಶಂಕ್ರೆವ್ವ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಅವನು ಸರಕಾರಿ ಬಿಳಿ ಗೆರೆಯನ್ನು ದಾಟಿ, ಹಿತ್ತಿಲ ಬಾಗಿಲಿನಿಂದ ಅಕ್ಕನ ಅಡುಗೆಮನೆಗೆ ನುಗ್ಗಿದ.

"ಅಕ್ಕಾ, ಒಂದು ರೊಟ್ಟಿ."

ರೇವವ್ವ ತಿರುಗಿಯೂ ನೋಡಲಿಲ್ಲ. ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ, ಹೆಸರುಕಾಳು ಪಲ್ಯ, ಅಗಸೆ ಚಟ್ನಿ, ಮೇಲೊಂದಿಷ್ಟು ಕುಸುಬೆ ಎಣ್ಣೆ ಬಡಿಸಿದಳು. ಖಂಡೆಪ್ಪ ನಾಲ್ಕು ರೊಟ್ಟಿ ತಿಂದ. ಐದನೆಯದನ್ನು ಮುರಿಯುವಾಗ ಕೈ ನಿಂತಿತು.

"ಮೂರು ದಿನ ಬ್ರೆಡ್ಡ ತಿಂದದ್ದಕ್ಕ ನನಗ..." ಎಂದ.

"ಅಂವಾ ಒಂದು ವರ್ಷದಿಂದ ತಿನ್ನಾಕತ್ತಾನ," ಎಂದಳು ರೇವವ್ವ.

ಖಂಡೆಪ್ಪ ತಲೆ ಎತ್ತಿದ. ಆಗ ಅವನಿಗೆ ಕಂಡಿತು. ಅಡುಗೆಮನೆಯ ಮೂಲೆಯಲ್ಲಿ, ಬಿಳಿ ಧೋತರದ ಮೇಲೆ, ಹಪ್ಪಳದ ಹಾಗೆ ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿಗಳು ಸೊಂಟದೆತ್ತರಕ್ಕೆ ನಿಂತಿದ್ದವು. ದೂರದ ಊರಿಗೆ ಹೋಗುವವರಿಗೆ ಕಟ್ಟಿಕೊಡುವ ರೊಟ್ಟಿ. ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ.

"ನಿನಗ ಯಾರು ಹೇಳಿದ್ರು? ಕಾಗದಾ ಯಾರಿಂದರ ಓದಿಸಿದೇನು?"

"ಕಾಗದಾ ಯಾಕ ಬೇಕು? ನಿನ್ನ ಹೊಟ್ಟಿ ಎಂದರ ಕಟ್ಟಿತ್ತೇನೋ ಖಂಡ್ಯಾ? ತೊಟ್ಟಲದಾಗಿಂದ ನಿನ್ನ ಎತ್ತಿ ಆಡ್ಸೇನಿ, ನನಗ ಗೊತ್ತಿಲ್ಲೇನು? ನೀ ಯಾರ ಸಲುವಾಗಿ ಔಡಲೆಣ್ಣಿ ಕುಡದಿ ಅನ್ನೂದು ಆವತ್ತ ತಿಳೀತು."

"ಮತ್ತ ಯಾಕ ಸುಮ್ಮನಿದ್ದಿ?"

"ನಾ ಅಳಬಾರದಂತ ನೀ ಅಷ್ಟು ಕುಡದಿ. ಗೊತ್ತೈತಿ ಅಂದಿದ್ರ ನಿನಗ ಕೆಟ್ಟನಸ್ತಿತ್ತು." ಅವಳು ಹಿಟ್ಟಿನ ಕೈಯಿಂದಲೇ ತಮ್ಮನ ಕಣ್ಣು ಒರೆಸಿದಳು. ಹುಬ್ಬಿಗೆ ಮತ್ತೆ ಹಿಟ್ಟು ಹತ್ತಿತು. "ಹೆದರಬ್ಯಾಡ. ನಿನ್ನ ಗಿರಣ್ಯಾಗಿನ ಹಿಟ್ಟ ಇದು. ಅದನ್ನ ತಿಂದ ಬೆಳದಾಂವ ಅಂವಾ, ಅದರಿಂದನ ನೆಟ್ಟಗಾಗ್ತಾನ."

ಮರುದಿನ ನಸುಕಿನಲ್ಲಿ ಖಂಡೆಪ್ಪ ಚರಗಿ ಹಿಡಿದು ಹೋಗಿ, ಹಾಡು ಗುನುಗುತ್ತ ತಿರುಗಿ ಬಂದ. ಔಷಧದ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಶನಿವಾರ ಮುಂಜಾನೆ ಅವನು ಇಂಡಿಗೆ ಹೋದಾಗ ಬೆನ್ನ ಮೇಲೆ ಧೋತರದ ಗಂಟು, ಎರಡು ಡಬ್ಬಿ ಅಗಸೆ ಚಟ್ನಿ, ತಾನೇ ನಿಂತು ಬೀಸಿದ ಒಂದು ಚೀಲ ಹಿಟ್ಟು ಇದ್ದವು. ಲಾಳೇಸಾಬ ಮುಂಬಯಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಸುಲ್ತಾನಬಿ ಗಂಟು ಬಿಚ್ಚಿ ರೊಟ್ಟಿ ನೋಡಿದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಹೊಟ್ಟಿ ಕಟ್ಟಿದ್ದು ನಿಂದಲ್ಲ," ಎಂದಳು.

"ಅಲ್ಲವ್ವಾ," ಎಂದ ಖಂಡೆಪ್ಪ ತಲೆ ತಗ್ಗಿಸಿ.

"ನನ್ನ ಮಗಂದೂ ಅದ ಗೋಳಪಾ. ಆ ಚೀಲ ಸೋನಾಮುಖಿ ಅವನ ಸಲುವಾಗಿ ತಂದಿಟ್ಟಿದ್ದೆ. ಕುವೈತಕ್ಕ ಹೋದಾಂವ ಅಂತ ಎಲ್ಲಾರೂ ಹೊಗಳ್ತಾರ, ಯಾರ ಮುಂದ ಹೇಳ್ಲಿ?" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನಗ ಕುಡಸಬಾರದಿತ್ತು. ತಪ್ಪಾತು."

"ನಿಮ್ಮ ಕೈಯಾಗಿಂದು ಕುಡದದ್ದಕ್ಕ ಬಸ್ಸಿನ ಡ್ರೈವರ್ ಪರಿಚಯ ಆತು ಬಿಡವ್ವಾ," ಎಂದ ಖಂಡೆಪ್ಪ. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ನೆಲದ ಮೇಲೆ ಕುಳಿತು ರೊಟ್ಟಿಗಳನ್ನು ಎರಡು ಗಂಟು ಮಾಡಿದರು, ಒಂದು ಸೋಮನಿಂಗನಿಗೆ, ಒಂದು ಲಾಳೇಸಾಬನಿಗೆ. ಮುರಿದದ್ದನ್ನೂ ಬಿಡದೆ ಕಟ್ಟಿದರು.

ಎರಡು ತಿಂಗಳ ಮೇಲೆ ನೀಲಿ ಕಾಗದ ಬಂತು. ಖಂಡೆಪ್ಪ ಇಂಜಿನ್ನಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದ. ಗಿರಣಿಯ ತುಂಬ ಜನ. ಎಣ್ಣೆಗೈಯಿಂದ ಕಾಗದ ಮುಟ್ಟುವಂತಿಲ್ಲ. ಅವನು ತಡೆಯುವಷ್ಟರಲ್ಲಿ ಅಮೋಘಸಿದ್ಧ ಅದನ್ನು ಇಸಿದುಕೊಂಡು, ಬಿಡಿಸಿ, ಊರಿಗೆಲ್ಲ ಕೇಳುವಂತೆ ಓದತೊಡಗಿದ. ಬಾಗಿಲಲ್ಲಿ ಜೋಳದ ಬುಟ್ಟಿ ಹಿಡಿದು ನಿಂತಿದ್ದ ರೇವವ್ವ ಬುಟ್ಟಿಯನ್ನು ಎದೆಗವಚಿಕೊಂಡಳು.

"ಮಾವಾ, ರೊಟ್ಟಿ ಮುಟ್ಟಿದುವು. ಅರ್ಧಕ್ಕರ್ಧ ಪುಡಿ ಆಗಿದ್ದುವು, ಪುಡಿನೂ ಬಿಡ್ಲಿಲ್ಲ. ಹಿಟ್ಟು ನಾದಿ ರೊಟ್ಟಿ ಬಡಿಯಾಕ ಕಲತೇನಿ, ಅವ್ವಗ ಹೇಳ್ರಿ. ದುಂಡಗ ಬರವಲ್ವು. ನೌಕರಿ ಬಿಡೂದಿಲ್ಲ, ಚಿಂತಿ ಮಾಡಬ್ಯಾಡ್ರಿ. ಮತ್ತ ಮಾವಾ, ಈಗ ದಿನಾ ಮುಂಜಾನೆ ಎದ್ದ ಕೂಡ್ಲೆ, ಒಂದು ದಿನಾನೂ ತಪ್ಪದ, ನಿಮ್ಮ ನೆನಪ ಆಕ್ಕೈತಿ."

ಹಿಟ್ಟಿಗೆ ಬಂದ ಹೆಂಗಸರು ಲೊಚಗುಟ್ಟಿದರು. ಅಮೋಘಸಿದ್ಧನ ಕಣ್ಣು ತುಂಬಿ ಬಂತು.

"ದಿನಾ ಮುಂಜಾನೆ! ಎಂಥಾ ಅಳಿಯನ್ನ ಪಡದೀಯೋ ಖಂಡೆಪ್ಪಾ," ಎಂದ ಅವನು ಕಾಗದವನ್ನು ಹಣೆಗೆ ಒತ್ತಿಕೊಂಡು. "ಸಮುದ್ರದಾಚಿ ಇದ್ರೂ ಮಾವನ್ನ ಮರೀಲಿಲ್ಲ."

ರೇವವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳ ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದು ಜನ ದಾರಿ ಬಿಟ್ಟರು. ಖಂಡೆಪ್ಪ ಅಕ್ಕನ ಕಣ್ಣು ನೋಡಿದ, ತಟ್ಟನೆ ತಿರುಗಿ ಇಂಜಿನ್ನಿನ ಮೇಲೆ ಬಗ್ಗಿದ.

"ಅಲ್ಲೋ, ಅಂವಾ ಬ್ರೆಡ್ಡ ಬೆಣ್ಣಿ ಬಿಟ್ಟಾನೇನು?" ಎಂದು ಅಮೋಘಸಿದ್ಧ ಕೇಳಿದ.

ಖಂಡೆಪ್ಪ ಕೈ ಒರೆಸಿಕೊಂಡು ಎದ್ದು ನಿಂತ. ಜೀವಮಾನದಲ್ಲಿ ಮೊದಲ ಬಾರಿಗೆ, ಒಂದು ಕೂದಲೆಳೆಯಷ್ಟೂ ಉಬ್ಬಿಸದೆ ಹೇಳಿದ:

"ಬಿಟ್ಟಾನಪಾ. ಈಗ ಆರಾಮ ಅದಾನ."

ಹಾಗೆಂದು ಅಕ್ಕನ ಕೈಯಿಂದ ಜೋಳದ ಬುಟ್ಟಿ ಇಸಿದುಕೊಂಡು, ಎಲ್ಲರ ಪಾಳಿ ತಪ್ಪಿಸಿ ಮೊದಲು ಅದನ್ನೇ ಬೀಸಲು ಹಾಕಿದ.